ಶಂಖದ ಮೇಲೆ ಅಂಟಿರುವ ಚಿಪ್ಪು, ಕಲ್ಲುಗಳು ಅಸಲಿಯಾ?

ನಿಮ್ಮ ಹತ್ತಿರ ಇರುವ ಚಪ್ಪಟೆ ಶಂಖದ ಮೇಲೆ ಸುತ್ತಲೂ ಕಪ್ಪೆಚಿಪ್ಪು, ಕಲ್ಲು ಅಂಟಿವೆ, ಯಾರಾದರೂ ಗೋಂದು ಹಾಕಿ ಮಾಡಿದ್ದಾ ಎಂದು ಕೇಳಿದ್ದೀರಿ. ನೀವು ವರ್ಣಿಸಿದ್ದು ಜೆನೊಫೊರಾ ಕುಲದ ಕಡಲ ಬಸವನಹುಳುವಿಗೆ ಚೆನ್ನಾಗಿ ಹೊಂದುತ್ತದೆ. ಹಾಗಿದ್ದರೆ ಅಂಟಿಸಿದ್ದು ಆ ಹುಳುವೇ! 1807ರಲ್ಲಿ ಹೆಸರು ಪಡೆದ ಈ ಕುಲ ನನಗೆ ಬಹಳ ಇಷ್ಟ.

ಶಂಖ ಬೆಳೆಯುವುದು ಅಂಚಿನಲ್ಲಿ. ಹುಳು ಕಡಲ ತಳದಲ್ಲಿ ಸಿಕ್ಕ ಚೂರನ್ನು ಎತ್ತಿ, ಉಜ್ಜಿ ಶುಚಿ ಮಾಡಿ, ಆ ಅಂಚಿಗೆ ಒತ್ತಿ ಹಿಡಿಯುತ್ತದೆ. ತನ್ನ ಮೈಯಿಂದ ಒಸರುವ ಸುಣ್ಣದಿಂದ ಅದನ್ನು ಬೆಸೆಯುತ್ತದೆ. ಗಟ್ಟಿಯಾಗುವವರೆಗೆ ಗಂಟೆಗಟ್ಟಲೆ ಅಲುಗಾಡುವುದಿಲ್ಲ.

ಹಾಗಾಗಿ ಅಸಲಿಯೋ ಅಲ್ಲವೋ ಎಂದು ನೋಡುವುದು ಸುಲಭ. ಚೂರುಗಳು ಸುರುಳಿಯ ಜಾಡಿನಲ್ಲೇ ಸಾಲಾಗಿ ಇರಬೇಕು. ತುದಿಯ ಹತ್ತಿರ ಚಿಕ್ಕವು, ಅಂಚಿಗೆ ಬಂದಂತೆ ದೊಡ್ಡವು. ಮರಿಯಾಗಿದ್ದಾಗ ದೊಡ್ಡ ಕಲ್ಲು ಎತ್ತಲು ಆಗುತ್ತಿರಲಿಲ್ಲ, ಅಲ್ವಾ? ಕಪ್ಪೆಚಿಪ್ಪಿನ ಒಳಗುಳಿ ಸಾಮಾನ್ಯವಾಗಿ ಮೇಲ್ಮುಖವಾಗಿರುತ್ತದೆ. ಒಂದು ಚೂರು ಉದುರಿದ್ದರೆ ಇನ್ನೂ ಒಳ್ಳೆಯದು: ಅದು ಕೂತಿದ್ದ ಜಾಗದಲ್ಲಿ ಅದೇ ಆಕಾರದ ಗುಳಿ ಕಾಣಬೇಕು. ಗೋಂದು ಹಚ್ಚಿದ್ದಾದರೆ ಶಂಖದ ಮೈ ಅಲ್ಲಿ ನುಣುಪಾಗೇ ಇರುತ್ತದೆ. ತಿರುಗಿಸಿ ಕೆಳಭಾಗವನ್ನೂ ನೋಡಿ. ಅಲ್ಲಿ ಏನೂ ಅಂಟಿರುವುದಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ ಅಂದರೆ, ಶತ್ರುಗಳ ಕಣ್ಣು ತಪ್ಪಿಸಲು ಎಂಬ ಉತ್ತರವೇ ಜಾಸ್ತಿ ಕೇಳಿಬರುತ್ತದೆ. ನನಗೆ ಅದೊಂದೇ ಸಾಲದು ಅನಿಸುತ್ತದೆ. ಜೆನೊಫೊರಾ ಪ್ಯಾಲಿಡ್ಯುಲಾ ನೂರಾರು ಮೀಟರ್ ಆಳದ ಕತ್ತಲಲ್ಲಿ ಬದುಕುತ್ತದೆ. ಅಲ್ಲಿ ವೇಷ ಹಾಕಿದರೆ ನೋಡುವವರು ಯಾರು? ಅದು ಅಂಟಿಸಿಕೊಳ್ಳುವ ಉದ್ದನೆಯ ಚಿಪ್ಪುಗಳು ಸುತ್ತಲೂ ಚಾಚಿಕೊಂಡಿರುತ್ತವೆ. ಮೆತ್ತನೆಯ ಕೆಸರಿನಲ್ಲಿ ಹೂತುಹೋಗದಂತೆ ಅವು ತಡೆಯುತ್ತವೆ ಎಂಬ ವಾದ ನನಗೆ ಹೆಚ್ಚು ಒಪ್ಪಿಗೆ.

ಎಲ್ಲ ಬಂಧುಗಳಿಗೂ ಈ ಹುಚ್ಚು ಇಷ್ಟೇ ಇಲ್ಲ. ಇದೇ ಕುಟುಂಬದ ಸ್ಟೆಲ್ಲಾರಿಯಾ ಸೋಲಾರಿಸ್ ಅಲ್ಪಸ್ವಲ್ಪ ಅಂಟಿಸಿಕೊಂಡು ಸುಮ್ಮನಾಗುತ್ತದೆ. ಬದಲಿಗೆ ಅದರ ಅಂಚಿನಲ್ಲೇ ಸೂರ್ಯನ ಕಿರಣದ ಹಾಗೆ ಉದ್ದ ಮುಳ್ಳುಗಳು ಬೆಳೆಯುತ್ತವೆ.

ತೊಳೆಯುವಾಗ ವಿನೆಗರ್, ಆಸಿಡ್ ಮುಟ್ಟಿಸಬೇಡಿ. ಶಂಖವೂ ಸುಣ್ಣ, ಬೆಸುಗೆಯೂ ಸುಣ್ಣ, ಎರಡೂ ಕರಗುತ್ತವೆ. ಬರೀ ನೀರು, ಮೆತ್ತನೆ ಬ್ರಷ್ ಸಾಕು.