ಓಡಿ ಬಂದರೆ ಶುಗರ್ ಏರುತ್ತದೆ, ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಕಾರವಾರದಲ್ಲಿ ಆಫೀಸ್ ಕೆಲಸ. ಐದು ವರ್ಷದಿಂದ ಶುಗರ್ ಇದೆ. ಬೆಳಿಗ್ಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಸೇರಿದ ಮಾತ್ರೆ, ರಾತ್ರಿ ಬರೀ ಮೆಟ್‌ಫಾರ್ಮಿನ್. ಮೊದಲೆಲ್ಲ ಸುಮ್ನೆ ವಾಕಿಂಗ್ ಹೋಗುತ್ತಿದ್ದೆ. ಎರಡು ತಿಂಗಳಿಂದ ಒಂದಿಷ್ಟು ಹುಡುಗರ ಜೊತೆ ಸೇರಿಕೊಂಡು ಟ್ಯಾಗೋರ್ ಬೀಚಿನಲ್ಲಿ ಓಡುತ್ತಿದ್ದೇನೆ. ಬೆಳಿಗ್ಗೆ ಆರು ಗಂಟೆ, ಖಾಲಿ ಹೊಟ್ಟೆ, ಬರಿಗಾಲು. ನೂರು ಮೀಟರ್ ಜೋರಾಗಿ ಓಡುವುದು, ನಿಂತು ದಮ್ಮು ತೆಗೆಯುವುದು, ಮತ್ತೆ ನೂರು ಮೀಟರ್. ಹೊರಡುವಾಗ 138 ಇದ್ದದ್ದು ಬಂದು ನೋಡಿದರೆ 204. ಒಂದು ದಿನ 221 ಬಂತು. ವಾಕಿಂಗ್ ಮಾಡಿದಾಗ ಇಳಿಯುತ್ತಿತ್ತು! ಹೆಂಡತಿ ಓಟ ನಿಲ್ಲಿಸಿ ಅನ್ನುತ್ತಾಳೆ. ಗುಂಪಿನವರು ತಿಂಡಿ ಬಿಟ್ಟರೆ ಸರಿಯಾಗುತ್ತದೆ ಅಂದರು. ಎರಡು ದಿನ ಮಾತ್ರೆ ತೆಗೆದುಕೊಂಡು ತಿಂಡಿ ಬಿಟ್ಟು ನೋಡಿದೆ. ಹನ್ನೊಂದರ ಹೊತ್ತಿಗೆ ಆಫೀಸಿನಲ್ಲಿ ಕೈ ನಡುಗಿ ಬೆವರು ಬಂತು. ಯಾರ ಮಾತು ಕೇಳಲಿ?

ಉತ್ತರ: ಮೊದಲು ಆ ಕೈ ನಡುಕದ ವಿಷಯ. ಉಳಿದದ್ದು ಆಮೇಲೆ.

ಗ್ಲಿಮೆಪಿರೈಡ್ ಹೊಟ್ಟೆಗೆ ಹೋದ ಮೇಲೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸಿಯೇ ಹೊರಡಿಸುತ್ತದೆ. ನೀವು ತಿಂಡಿ ತಿಂದಿರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಓಡಿ ಬಂದ ಸ್ನಾಯುಗಳು ಆ ಹೊತ್ತಿಗೆ ಸಕ್ಕರೆ ಹೀರಿಕೊಳ್ಳಲು ಶುರು ಮಾಡಿರುತ್ತವೆ. ತಿಂಡಿಯೂ ಇಲ್ಲ. ಮೂರೂ ಸೇರಿದರೆ ಹನ್ನೊಂದಕ್ಕೆ ಕೈ ನಡುಗದೆ ಇನ್ನೇನಾಗುತ್ತದೆ? ಅದು ಶುಗರ್ ಕೆಳಗೆ ಬಿದ್ದ ಲಕ್ಷಣವೇ ಇರಬೇಕು. ತಿಂಡಿ ಇಲ್ಲದ ದಿನ ಆ ಮಾತ್ರೆ ಬೇಡ. ಮಾತ್ರೆ ತೆಗೆದುಕೊಂಡಿರಾ, ತಿಂಡಿ ತಿನ್ನಲೇಬೇಕು. ಹೀಗೆ ಕೈ ನಡುಗಿತ್ತು ಅಂತ ನಿಮ್ಮ ಡಾಕ್ಟರಿಗೂ ಹೇಳಿ. ಓಟ ಹೀಗೇ ಮುಂದುವರಿದರೆ ಅವರು ಆ ಮಾತ್ರೆಯ ಪ್ರಮಾಣ ಕಡಿಮೆ ಮಾಡಬೇಕಾಗಬಹುದು.

ಇನ್ನು 138 ಯಾಕೆ 204 ಆಯಿತು ಅಂತ. ನೀವು ಏನೂ ತಿಂದಿರಲಿಲ್ಲ. ಹಾಗಾದರೆ ಆ ಸಕ್ಕರೆ ಎಲ್ಲಿಂದ ಬಂತು? ನಿಮ್ಮ ಪಿತ್ತಜನಕಾಂಗದಿಂದ, ಅಂದರೆ ಲಿವರ್‌ನಿಂದ. ಅದೊಂದು ಕಣಜ ಇದ್ದ ಹಾಗೆ. ಉಂಡದ್ದರಲ್ಲಿ ಉಳಿದ ಸಕ್ಕರೆಯನ್ನು ಅಲ್ಲಿ ತುಂಬಿಡುತ್ತದೆ, ಬೇಕಾದಾಗ ಸ್ವಲ್ಪ ಸ್ವಲ್ಪ ಬಿಡುತ್ತದೆ. ವಾಕಿಂಗ್ ಮಾಡುವಾಗ ಸ್ನಾಯು ಕೇಳಿದಷ್ಟು ಕಣಜ ಕೊಡುತ್ತದೆ, ಲೆಕ್ಕ ಸರಿಹೋಗುತ್ತದೆ. ನಿಮ್ಮಂಥವರಲ್ಲಿ ಸ್ನಾಯುವೇ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತದೆ, ಅದಕ್ಕೇ ಮೀಟರ್‌ನಲ್ಲಿ ಇಳಿದು ಕಾಣುತ್ತಿತ್ತು.

ನೂರು ಮೀಟರ್ ಜೀವ ಬಿಟ್ಟು ಓಡುವುದು ಬೇರೆ ಕಥೆ. ಬೀಚಿನಲ್ಲಿ ನಾಯಿ ಅಟ್ಟಿಸಿಕೊಂಡು ಬಂದಿದೆಯೋ, ನೀವೇ ಆರೋಗ್ಯಕ್ಕೆ ಅಂತ ಓಡುತ್ತಿದ್ದೀರೋ, ದೇಹಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಅಡ್ರಿನಲಿನ್ ಏರುತ್ತದೆ. ಅದು ಹೋಗಿ ಕಣಜದ ಬಾಗಿಲನ್ನೇ ಕಿತ್ತು ಹಾಕುತ್ತದೆ. ತುಂಬಾ ಜೋರಾದ ವ್ಯಾಯಾಮದಲ್ಲಿ ಲಿವರ್ ಸಕ್ಕರೆ ಬಿಡುವುದು ಏಳೆಂಟು ಪಟ್ಟು ಹೆಚ್ಚಾಗಬಹುದು. ಸ್ನಾಯು ಬಳಸುವುದು ಮೂರು ನಾಲ್ಕು ಪಟ್ಟು ಅಷ್ಟೇ. ಉಳಿದದ್ದು ರಕ್ತದಲ್ಲೇ ನಿಲ್ಲುತ್ತದೆ. ಶುಗರ್ ಕಾಯಿಲೆ ಇಲ್ಲದವರಲ್ಲೂ ಹೀಗೆ ಸ್ವಲ್ಪ ಏರುತ್ತದೆ. ಓಟ ನಿಂತ ಕೂಡಲೇ ಅವರ ದೇಹ ಇನ್ಸುಲಿನ್ ಬಿಟ್ಟು ಒಂದು ಗಂಟೆಯೊಳಗೆ ಅದನ್ನು ಹಿಂದಕ್ಕೆ ತರುತ್ತದೆ. ನಿಮ್ಮಲ್ಲಿ ಆ ಇನ್ಸುಲಿನ್ ಬೇಕಾದಷ್ಟು ಬರುವುದಿಲ್ಲ, ಬಂದದ್ದೂ ಪೂರ್ತಿ ಕೆಲಸ ಮಾಡುವುದಿಲ್ಲ. ಹಾಗಾಗಿ ಇಳಿಯುವುದು ತಡ. ಅದರ ಮೇಲೆ ಬೆಳಗಿನ ಜಾವ ಬೇರೆ. ಎಚ್ಚರವಾಗುವ ಹೊತ್ತಿಗೆ ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಹೇಗೂ ಶುಗರ್ ಏರಿಸುತ್ತಿರುತ್ತವೆ. ಉರಿಯುವ ಒಲೆಗೆ ನೀವು ಇನ್ನೆರಡು ಕೊಳ್ಳಿ ಇಡುತ್ತಿದ್ದೀರಿ.

ಇದರಿಂದ ಓಟ ನಿಲ್ಲಿಸಬೇಕಾ? ನನ್ನ ಪ್ರಕಾರ ಬೇಡ. ಕಣಜದಲ್ಲೂ ಸ್ನಾಯುಗಳಲ್ಲೂ ಕೂಡಿಟ್ಟ ಸಕ್ಕರೆ ಖರ್ಚಾಯಿತಲ್ಲ, ಅದನ್ನು ತುಂಬಿಸಲು ಮುಂದಿನ 24 ಗಂಟೆ, ಕೆಲವರಲ್ಲಿ 48 ಗಂಟೆಯವರೆಗೂ ದೇಹ ರಕ್ತದಿಂದಲೇ ಸಕ್ಕರೆ ಎಳೆದುಕೊಳ್ಳುತ್ತದೆ. ಇನ್ಸುಲಿನ್ ಮಾತನ್ನು ಸ್ನಾಯು ಚೆನ್ನಾಗಿ ಕೇಳುವ ಹೊತ್ತು ಅದು. ನೀವು ನೋಡಿದ್ದು ಮೊದಲ ಐದು ನಿಮಿಷದ ಅಂಕಿ. ನನಗೆ ಬೇಕಾಗಿರುವುದು ಆಮೇಲಿನ ಎರಡು ಗಂಟೆಯದು. ನಿಮ್ಮ ಪತ್ರದಲ್ಲಿ ಅದಿಲ್ಲ.

ಆದ್ದರಿಂದ ಈ ವಾರ ಒಂದು ಕೆಲಸ ಮಾಡಿ. ಓಡಿದ ಒಂದು ದಿನ, ನಡೆದ ಒಂದು ದಿನ, ಏನೂ ಮಾಡದ ಒಂದು ದಿನ ನೋಡಿ. ಹೊರಡುವ ಮುಂಚೆ, ಮುಗಿದ ಕೂಡಲೇ, ಒಂದು ಗಂಟೆಗೆ, ಎರಡು ಗಂಟೆಗೆ ಚುಚ್ಚಿಕೊಂಡು ಬರೆದಿಡಿ. ಕ್ಯಾಲೆಂಡರ್ ಹಿಂದೆ ಬರೆದರೂ ಆದೀತು. ತಿಂಡಿ ತಿಂದ ಹೊತ್ತನ್ನೂ ಪಕ್ಕದಲ್ಲಿ ಬರೆಯಿರಿ, ಇಲ್ಲದಿದ್ದರೆ ಇಡ್ಲಿ ಏರಿಸಿದ್ದು ಯಾವುದು, ಓಟ ಏರಿಸಿದ್ದು ಯಾವುದು ತಿಳಿಯುವುದಿಲ್ಲ. 204 ಇದ್ದದ್ದು ಒಂದೆರಡು ಗಂಟೆಯಲ್ಲಿ ಹಿಂದಕ್ಕೆ ಬಂದರೆ ಚಿಂತೆ ಬೇಡ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಇಳಿಯುತ್ತಿದೆಯಾ ನೋಡಿ, ಅದೇ ನಿಜವಾದ ತಕ್ಕಡಿ.

ಚುಚ್ಚಿಕೊಳ್ಳುವ ಮೊದಲು ಕೈ ತೊಳೆಯಿರಿ. ಸುಮ್ನೆ ಹೇಳುತ್ತಿಲ್ಲ. ಒಂದು ಮೇ ತಿಂಗಳಲ್ಲಿ ಅಂಕೋಲೆಯ ಕಡೆಯವರೊಬ್ಬರು ಗಾಬರಿಯಿಂದ ಬಂದರು, ಮೀಟರ್‌ನಲ್ಲಿ 340. ಕೈ ಮುಂದೆ ಚಾಚಿದಾಗಲೇ ಪರಿಮಳ ಬಂತು. ಕರಿ ಈಶಾಡು ಮಾವಿನಹಣ್ಣು! ಬೆರಳ ಸಂದಿಯಲ್ಲಿ ರಸ ಇನ್ನೂ ಅಂಟಂಟು. ಸೋಪು ಹಚ್ಚಿ ತೊಳೆಸಿ, ಒರೆಸಿ, ಬೇರೆ ಬೆರಳಿಗೆ ಚುಚ್ಚಿದರೆ 168. ಸ್ಪಿರಿಟ್ ಹತ್ತಿ ಸವರಿದರೆ ಸಾಲದು, ನೀರೇ ಬೇಕು. ಹಾಗೆಯೇ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದು ಇಡುವವರು ನಮ್ಮ ಕರಾವಳಿಯಲ್ಲಿ ತುಂಬಾ. ಉಪ್ಪಿನ ಡಬ್ಬಿಯೇ ನೀರೊಡೆಯುವ ಊರು ಇದು, ಸ್ಟ್ರಿಪ್ ಉಳಿಯುತ್ತದಾ? ತೇವ ಹಿಡಿದ ಸ್ಟ್ರಿಪ್ ತೋರಿಸುವ ಅಂಕಿಯನ್ನು ನಂಬಬೇಡಿ. ಮತ್ತೆ, ಓಡಿ ಮುಗಿಸಿ ಎಳನೀರು ಕುಡಿದು ಆಮೇಲೆ ಚುಚ್ಚಿಕೊಳ್ಳುವ ಅಭ್ಯಾಸ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಳನೀರಿನಲ್ಲೂ ಸಕ್ಕರೆ ಇದೆ. ಬಾಯಾರಿಕೆಗೆ ಬರೀ ನೀರು ಸಾಕು, ಚೆನ್ನಾಗಿ ಕುಡಿಯಿರಿ. ಇಲ್ಲಿನ ಸೆಕೆಯಲ್ಲಿ ಬೆವರಿ ನೀರು ಕಡಿಮೆಯಾದರೂ ರಕ್ತದಲ್ಲಿ ಶುಗರ್ ಏರಿ ಕಾಣುತ್ತದೆ.

ಈಗ ಓಟದ ರೀತಿ ಬದಲಿಸೋಣ. ಶುರುವಿಗೆ ಹತ್ತು ನಿಮಿಷ ನಡಿಗೆ. ಮುಗಿಸುವಾಗ ಹದಿನೈದು ನಿಮಿಷ ನಡಿಗೆ. ಕೊನೆಯ ನೂರು ಮೀಟರ್ ಮುಗಿಸಿ ಸೀದಾ ಬೈಕ್ ಹತ್ತಬೇಡಿ. ಆ ನಡಿಗೆಯಲ್ಲೇ ಅರ್ಧ ಏರಿಕೆ ಇಳಿಯುವುದನ್ನು ನಾನು ಎಷ್ಟೋ ಜನರಲ್ಲಿ ನೋಡಿದ್ದೇನೆ. ಜೋರು ಓಟ ವಾರಕ್ಕೆ ಎರಡು ಮೂರು ದಿನ ಸಾಕು, ನಡುವೆ ಒಂದು ದಿನ ಬಿಟ್ಟು. ಉಳಿದ ದಿನ ಬಿರುಸು ನಡಿಗೆ. ಆಗುವುದಾದರೆ ಜೋರು ಓಟವನ್ನು ಸಂಜೆಗೆ ಹಾಕಿ. ಬಿಸಿಲು ತಗ್ಗಿರುತ್ತದೆ, ಮಧ್ಯಾಹ್ನದ ಊಟ ಕರಗುತ್ತಿರುತ್ತದೆ, ಬೆಳಗಿನ ಹಾರ್ಮೋನುಗಳ ಕಾಟ ಇಲ್ಲ. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಅಂಗಳದಲ್ಲಿ ಓಡಾಡಿ. ನೀವು ಬಂಗಡೆ ಸಾರು, ಕುಚ್ಚಲಕ್ಕಿ ಅನ್ನ ಉಂಡು ಟಿವಿ ಮುಂದೆ ಕೂರುವವರಾದರೆ, ಬೆಳಗಿನ ಓಟಕ್ಕಿಂತ ಈ ಹದಿನೈದು ನಿಮಿಷವೇ ನಿಮ್ಮ ಅಂಕಿಗಳಿಗೆ ಹೆಚ್ಚು ಉಪಕಾರ ಮಾಡೀತು.

204 ನೋಡಿ ಹೆದರಿ ಇನ್ನೊಂದು ಮಾತ್ರೆ ನುಂಗಬೇಡಿ. ಏರಿದ್ದು ತಾನಾಗಿ ಇಳಿಯುತ್ತಿರುವಾಗ ಮಾತ್ರೆಯೂ ಸೇರಿದರೆ ಮಧ್ಯಾಹ್ನವೋ ರಾತ್ರಿಯೋ ಧೊಪ್ಪನೆ ಬೀಳುತ್ತದೆ. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಓಡುವಾಗ ಚಡ್ಡಿ ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಇರಲಿ.

ಯಾವಾಗ ಓಡಬಾರದು? ಹೊರಡುವಾಗಲೇ 300 ದಾಟಿದ್ದರೆ, ಅಥವಾ ಜ್ವರ, ವಾಂತಿ, ವಿಪರೀತ ಬಾಯಾರಿಕೆ ಇದ್ದರೆ ಆ ದಿನ ಮನೆಯಲ್ಲಿರಿ. ಎರಡು ಮೂರು ಗಂಟೆಯಾದರೂ ಇಳಿಯದಿದ್ದರೆ, ಖಾಲಿ ಹೊಟ್ಟೆಯ ಅಂಕಿಯೇ ವಾರದಿಂದ ವಾರಕ್ಕೆ ಏರುತ್ತಿದ್ದರೆ ಅದು ಓಟದ ತಪ್ಪಲ್ಲ. ಎಲ್ಲೋ ಸೋಂಕು ಇರಬಹುದು, ಮಾತ್ರೆ ತಪ್ಪುತ್ತಿರಬಹುದು, ಓಡಿದ್ದೇನಲ್ಲ ಅಂತ ಎರಡು ಬನ್ಸ್ ಜಾಸ್ತಿ ಹೋಗುತ್ತಿರಬಹುದು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆ ತೆಗೆದುಕೊಳ್ಳುವ ಓದುಗರಿಗೂ ಒಂದು ಮಾತು: ಉಪವಾಸವಿದ್ದು ಜೋರು ಓಟ ನಿಮಗೆ ಬೇಡ. ಹೊಟ್ಟೆನೋವು, ವಾಂತಿ, ಏದುಸಿರು ಬಂದರೆ ಶುಗರ್ 200ರ ಒಳಗಿದ್ದರೂ ಆಸ್ಪತ್ರೆಗೆ ಹೋಗಿ.

ಕೊನೆಗೆ ಒಂದು ಗದರಿಕೆ. ಐದು ವರ್ಷದ ಶುಗರ್, 46ರ ವಯಸ್ಸು, ಹುಡುಗರ ಜೊತೆ ಪೈಪೋಟಿ. ಓಟಕ್ಕೆ ಮೊದಲು ಇಸಿಜಿ ಮಾಡಿಸಿದಿರಾ? ಶುಗರ್ ಇರುವವರಿಗೆ ಹೃದಯದ ತೊಂದರೆ ಎದೆನೋವಿಲ್ಲದೆಯೂ ಬರುತ್ತದೆ. ಕಣ್ಣಿನ ಒಳಪರದೆ (ರೆಟಿನಾ) ತೋರಿಸಿದಿರಾ? ಮತ್ತೆ ಬರಿಗಾಲು! ಮರಳಿನಲ್ಲಿ ಚಿಪ್ಪು, ಗಾಳ, ಬಾಟಲಿ ಚೂರು ಎಲ್ಲ ಇರುತ್ತವೆ. ಪಾದದ ಸ್ಪರ್ಶ ಮಂದವಾಗಿದ್ದರೆ ಚುಚ್ಚಿದ್ದು ಗೊತ್ತೇ ಆಗುವುದಿಲ್ಲ, ನಾಲ್ಕು ದಿನ ಬಿಟ್ಟು ಕೀವು ಕಾಣುತ್ತದೆ. ಶೂ ಹಾಕಿಕೊಳ್ಳಿ. ಮನೆಗೆ ಬಂದು ಪಾದದ ಅಡಿ ನೋಡಿಕೊಳ್ಳಿ, ಕಾಣದಿದ್ದರೆ ಹೆಂಡತಿಯನ್ನು ಕೇಳಿ. ಓಟ ನಿಲ್ಲಿಸಿ ಅಂದದ್ದಕ್ಕೆ ಬದಲಾಗಿ ಅವರಿಗೆ ಈ ಕೆಲಸ ಕೊಡಿ.

ಪ್ರಶ್ನೆ: ನಾವು ಶಿರಸಿಯವರು. ಮಗಳಿಗೆ 16, ಟೈಪ್ 1, ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಶಾಲೆಯ ಕಬಡ್ಡಿ ತಂಡದಲ್ಲಿದ್ದಾಳೆ. ಪ್ರಾಕ್ಟೀಸ್ ದಿನ ಶುಗರ್ ಇಳಿಯುತ್ತದೆ, ಮ್ಯಾಚ್ ದಿನ 270 ಆಗುತ್ತದೆ. ಕಳೆದ ಸಲ ನಾಲ್ಕು ಯೂನಿಟ್ ಜಾಸ್ತಿ ಕೊಟ್ಟೆ, ರಾತ್ರಿ ಎರಡಕ್ಕೆ 54 ಆಗಿತ್ತು. ಆಟ ಬಿಡಿಸಬೇಕಾ?

ಉತ್ತರ: ಬಿಡಿಸಬೇಡಿ ತಾಯಿ. ರೇಡ್‌ಗೆ ಹೋಗುವ ಮೊದಲೇ ಎದೆ ಹೊಡೆದುಕೊಳ್ಳುತ್ತದಲ್ಲ, ಏರಿಕೆ ಅಲ್ಲೇ ಶುರು. ಮೇಲೆ ಹೇಳಿದ ಅಡ್ರಿನಲಿನ್ನೇ. ಪ್ರಾಕ್ಟೀಸ್‌ನಲ್ಲಿ ಆ ಉದ್ವೇಗ ಇಲ್ಲ, ಅದಕ್ಕೇ ಇಳಿಯುತ್ತದೆ.

ತಪ್ಪಿದ್ದು ನಾಲ್ಕು ಯೂನಿಟ್‌ನಲ್ಲಿ. ಆಟದ ನಂತರದ ಏರಿಕೆಗೆ ಎಂದಿನಷ್ಟು ಇನ್ಸುಲಿನ್ ಕೊಟ್ಟರೆ ರಾತ್ರಿ ಹೀಗೆಯೇ ಬೀಳುತ್ತದೆ. ಮೊದಲು ಇಪ್ಪತ್ತು ನಿಮಿಷ ಅವಳನ್ನು ಮೈದಾನದಲ್ಲಿ ನಡೆದಾಡಿಸಿ, ನೀರು ಕುಡಿಸಿ, ಒಂದು ಗಂಟೆ ಕಾಯಿರಿ. ಆಗಲೂ ಇಳಿಯದಿದ್ದರೆ ಸಾಮಾನ್ಯವಾಗಿ ಏರಿದ್ದನ್ನು ಇಳಿಸಲು ಕೊಡುವ ಎಂದಿನ ತಿದ್ದುಪಡಿ ಡೋಸಿನ ಅರ್ಧಕ್ಕೆ ನಿಲ್ಲುತ್ತೇವೆ. ಅವಳ ಡಾಕ್ಟರ್ ಹತ್ತಿರ ಇದನ್ನು ಮೊದಲೇ ಮಾತಾಡಿ ಚೀಟಿಯಲ್ಲಿ ಬರೆಸಿಕೊಳ್ಳಿ. ಮ್ಯಾಚ್ ದಿನ ಮಲಗುವ ಮೊದಲು ಮತ್ತು ರಾತ್ರಿ ಎರಡು ಮೂರರ ಹೊತ್ತಿಗೆ ಪರೀಕ್ಷಿಸಿ.

ಆಟಕ್ಕೆ ಮೊದಲೇ 250 ದಾಟಿದ್ದರೆ ಕೀಟೋನ್, ಅಂದರೆ ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ರಕ್ತಕ್ಕೆ ಸೇರುವ ಆಮ್ಲ, ಇದೆಯಾ ನೋಡಿ. ಕೀಟೋನ್ ಇದ್ದರೆ ಅವತ್ತು ಆಟವಿಲ್ಲ, ಎಷ್ಟು ಅತ್ತರೂ ಇಲ್ಲ. ಇಲ್ಲದಿದ್ದರೆ, ಅವಳು ಲವಲವಿಕೆಯಿಂದ ಇದ್ದರೆ ಆಡಲಿ. ಪಿ.ಟಿ. ಮೇಷ್ಟ್ರಿಗೂ ತಂಡದ ಇಬ್ಬರು ಗೆಳತಿಯರಿಗೂ ಗ್ಲೂಕೋಸ್ ಡಬ್ಬಿ ಅವಳ ಚೀಲದ ಯಾವ ಜೇಬಿನಲ್ಲಿದೆ ಅಂತ ಗೊತ್ತಿರಬೇಕು.

ಪ್ರಶ್ನೆ: ಸಿದ್ದಾಪುರದಲ್ಲಿ ಅಡಿಕೆ ತೋಟ ಇದೆ. ವಯಸ್ಸು 58. ಗ್ಲಿಮೆಪಿರೈಡ್ ಮತ್ತು ಬಿಪಿಗೆ ಅಟೆನೊಲಾಲ್ ತೆಗೆದುಕೊಳ್ಳುತ್ತೇನೆ. ದಿನವೂ ತೋಟದಲ್ಲಿ ದುಡಿಯುವವನಿಗೆ ಬೇರೆ ವ್ಯಾಯಾಮ ಯಾಕೆ ಅಲ್ವಾ?

ಉತ್ತರ: ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು ಇಳಿಸುವ ದಿನ ಬೇರೆ ಏನೂ ಬೇಡ. ಆಳುಗಳ ಹಿಂದೆ ನಿಂತು ಕವಳ ಹಾಕುತ್ತಾ ಮಾತಾಡಿದ ದಿನ ಅರ್ಧ ಗಂಟೆ ನಡೆಯಿರಿ. ಯಾವ ದಿನ ಯಾವುದು ಅಂತ ನಿಮಗೇ ಚೆನ್ನಾಗಿ ಗೊತ್ತು.

ನನ್ನ ಚಿಂತೆ ಕೊಯ್ಲಿನದು. ಶುಗರ್ ಬಿದ್ದಾಗ ಎದೆ ಹೊಡೆದುಕೊಳ್ಳುವುದನ್ನು, ಕೈ ನಡುಗುವುದನ್ನು ಅಟೆನೊಲಾಲ್ ಮುಚ್ಚಿಬಿಡುತ್ತದೆ. ಉಳಿಯುವ ಮುಖ್ಯ ಸುಳಿವು ಬೆವರು, ತೋಟದಲ್ಲಿ ಬೆವರದವರು ಯಾರು? ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಬರಲಿಲ್ಲ ಅಂತ ನೀವೇ ಮರ ಹತ್ತಬೇಡಿ. ಒಂದೆರಡು ದಿನ ಕಾಯಿರಿ, ಇಲ್ಲವೇ ನೆಲದ ಮೇಲೆ ನಿಂತು ದೋಟಿಯಲ್ಲಿ ಕೊಯ್ಯಿರಿ.