ಒಡೆದ ಗಾಜಿನ ಲೆಕ್ಕ ಬರೆದವನು

ಕೆನಡಾದ ವ್ಯಾಂಕೂವರ್‌ಗೆ ಬಂದು ಎರಡು ತಿಂಗಳಾಯಿತು, ಹೋದ ವಾರ ಬಸ್ಸಿನಲ್ಲಿ ಒಬ್ಬ ‘ನಿನ್ನ ದೇಶಕ್ಕೆ ಹೋಗು’ ಎಂದು ಕೂಗಾಡಿದ, ತುಂಬಿದ ಬಸ್ಸಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ ಎಂದು ಬರೆದಿದ್ದೀರಿ. ಏಷ್ಯನ್ನರ ವಿರುದ್ಧ 1907ರ ಗಲಭೆ ನಡೆದ ಬೀದಿಗಳಲ್ಲೇ ಕರೆದೊಯ್ಯುವ ನಡಿಗೆಗೆ ಗೆಳೆಯರು ಕರೆದಿದ್ದಾರೆ, ಈಗ ಹೋದರೆ ಭಯ ಇನ್ನೂ ಹೆಚ್ಚೀತೇ ಎಂದೂ ಕೇಳಿದ್ದೀರಿ.

ಹೋಗಿ. ನಾನು ಇಲ್ಲಿ ಹತ್ತೊಂಬತ್ತು ವರ್ಷ ಕಳೆದ ಮೇಲೆ ಹೋದೆ. ಬಂದ ವರ್ಷವೇ ಹೋಗಬೇಕಿತ್ತು.

ಅದಕ್ಕೂ ಮೊದಲು ಬಸ್ಸಿನ ಮಾತು. ಇಲ್ಲಿನ ಬಸ್ಸು, ರೈಲುಗಳಿಗೆಂದೇ ಟ್ರಾನ್ಸಿಟ್ ಪೊಲೀಸರಿದ್ದಾರೆ. 87-77-77ಕ್ಕೆ ಮೆಸೇಜ್ ಕಳಿಸಿದರೆ ಸಾಕು, ಎಲ್ಲರೆದುರು ಫೋನ್ ಹಿಡಿದು ಮಾತಾಡಬೇಕಿಲ್ಲ. ಮೈಮೇಲೆ ಬಿದ್ದರೆ ನೇರ 911. ಸಣ್ಣ ವಿಷಯ ಎಂದು ನಾನೂ ಒಮ್ಮೆ ಸುಮ್ಮನಾಗಿದ್ದೆ. ಆ ಸುಮ್ಮನಿದ್ದದ್ದು ಇವತ್ತಿಗೂ ಚುಚ್ಚುತ್ತದೆ.

ಈಗ ನಡಿಗೆ. ಹೆನ್ರಿ ತ್ಸಾಂಗ್ ಎಂಬ ಕಲಾವಿದರು ರೂಪಿಸಿದ ‘360 ರಯಟ್ ವಾಕ್’ ಅದು. ಬೀದಿಯಲ್ಲಿ ನಿಂತು ಫೋನಿನ ಪರದೆ ಎತ್ತಿ ಹಿಡಿದರೆ ಅದೇ ಜಾಗದ ಹಳೆಯ ಚಿತ್ರ ನಿಮ್ಮ ಸುತ್ತ ತೆರೆದುಕೊಳ್ಳುತ್ತದೆ. ವಿವರಣೆ ಇಂಗ್ಲಿಷ್, ಕ್ಯಾಂಟನೀಸ್, ಜಪಾನೀಸ್, ಪಂಜಾಬಿಗಳಲ್ಲಿದೆ. ಅಂದು ಆ ಬೀದಿಗಳಲ್ಲಿ ಕೇಳಿಬರುತ್ತಿದ್ದ ಭಾಷೆಗಳು ಅವು.

1907ರ ಸೆಪ್ಟೆಂಬರ್ 7, ಶನಿವಾರ. ಮೂರು ದಿನ ಹಿಂದಷ್ಟೇ ಗಡಿಯಾಚೆ ಅಮೆರಿಕದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಮರದ ಮಿಲ್ಲುಗಳ ಪಂಜಾಬಿ ಕೂಲಿಗಳನ್ನು ಹೊಡೆದು ಊರು ಬಿಡಿಸಿದ್ದರು. ಇಲ್ಲಿ ಏಷ್ಯನ್ನರನ್ನು ದೇಶದ ಹೊರಗಿಡಬೇಕೆನ್ನುವ ಏಷಿಯಾಟಿಕ್ ಎಕ್ಸ್‌ಕ್ಲೂಷನ್ ಲೀಗ್ ಕರೆದ ಮೆರವಣಿಗೆಗೆ ಸಾವಿರಾರು ಜನ ಸೇರಿದರು. ಮೇನ್ ಮತ್ತು ಹೇಸ್ಟಿಂಗ್ಸ್ ಬೀದಿ ಕೂಡುವಲ್ಲಿದ್ದ ಸಿಟಿ ಹಾಲ್‌ನಲ್ಲಿ ಭಾಷಣ. ಒಳಗೆ ಹಿಡಿಸದವರು ಹೊರಗೆ ನಿಂತರು, ಅಲ್ಲಿಂದ ಒಂದೆರಡು ಬೀದಿ ದೂರದ ಚೈನಾಟೌನ್‌ಗೆ ನುಗ್ಗಿ ಅಂಗಡಿ, ಮನೆಗಳ ಗಾಜು ಪುಡಿ ಮಾಡಿದರು. ಆಮೇಲೆ ಪವೆಲ್ ಸ್ಟ್ರೀಟಿನ ಜಪಾನಿಯರ ಕೇರಿಗೆ ಹೊರಳಿದರು. ಅಷ್ಟರಲ್ಲಿ ಅಲ್ಲಿಗೆ ಸುದ್ದಿ ಮುಟ್ಟಿತ್ತು. ಜನ ಕೋಲು, ಕಲ್ಲು, ಬಾಟಲಿ ಹಿಡಿದು ಎದುರು ನಿಂತರು, ಗುಂಪು ಹಿಂದೆ ಸರಿಯಿತು. ಮುಂದಿನ ದಿನಗಳಲ್ಲಿ ಚೀನೀ ಅಡುಗೆಯವರು, ಮನೆಗೆಲಸದವರು, ಮಿಲ್ಲಿನವರು ಕೆಲಸಕ್ಕೇ ಹೋಗಲಿಲ್ಲ. ತಾವಿಲ್ಲದೆ ಊರು ನಡೆಯದು ಎಂಬುದನ್ನು ಕೈಕಟ್ಟಿ ಕೂತೇ ತೋರಿಸಿದರು.

ನನ್ನನ್ನು ಅಲ್ಲಾಡಿಸಿದ್ದು ಆ ರಾತ್ರಿಗಿಂತ ಅದರ ನಂತರದ ಕತೆ. ನಷ್ಟದ ಲೆಕ್ಕ ಹಾಕಲು ರಾಜಧಾನಿ ಒಟ್ಟಾವಾದಿಂದ ಕಾರ್ಮಿಕ ಇಲಾಖೆಯ ಉಪಮಂತ್ರಿ ಎಂಬ ಹುದ್ದೆಯ ಅಧಿಕಾರಿಯೊಬ್ಬ ಬಂದ: ವಿಲಿಯಂ ಲಯನ್ ಮೆಕೆಂಜಿ ಕಿಂಗ್. ಅಂಗಡಿಯವರನ್ನು ಕರೆದು ಕೇಳಿದ, ಜಪಾನಿಯರಿಗೆ ಸುಮಾರು 9,000 ಡಾಲರ್, ಚೀನೀಯರಿಗೆ ಸುಮಾರು 26,000 ಡಾಲರ್ ಪರಿಹಾರ ಕೊಡಿಸಿದ. ನ್ಯಾಯವಾಯಿತು ಅನ್ನಿಸುತ್ತದೆ, ಅಲ್ಲವೇ? ಅದೇ ಮನುಷ್ಯ ಮುಂದೆ ಪ್ರಧಾನಿಯಾದ. 1923ರಲ್ಲಿ ಚೀನೀಯರಿಗೆ ಬಾಗಿಲನ್ನೇ ಮುಚ್ಚಿದ ಕಾಯ್ದೆ ಅವನ ಸರ್ಕಾರದ್ದು. 1942ರಲ್ಲಿ ಸುಮಾರು 22,000 ಜಪಾನಿ ಮೂಲದವರನ್ನು ಕರಾವಳಿಯಿಂದ ಎಬ್ಬಿಸಿದ್ದೂ ಅವನ ಸರ್ಕಾರವೇ. ಗುಂಪನ್ನು ಎದುರಿಸಿ ನಿಂತ ಪವೆಲ್ ಸ್ಟ್ರೀಟ್ ಒಂದು ಸರ್ಕಾರಿ ಆದೇಶಕ್ಕೆ ಬರಿದಾಯಿತು. ಅವರಿಗೆ ಕರಾವಳಿಗೆ ಮರಳಲು ಬಿಟ್ಟದ್ದು 1949ರಲ್ಲಿ.

ನಮ್ಮವರ ಪಾಲಿಗೂ ಹಾಗೇ ಆಯಿತು. ಗಲಭೆಯ ಮರುವರ್ಷ, 1908ರಲ್ಲಿ, ಹುಟ್ಟಿದ ದೇಶದಿಂದ ಎಲ್ಲೂ ಪಯಣ ಮುರಿಯದೆ ಬಂದವರಿಗಷ್ಟೇ ಪ್ರವೇಶ ಎಂಬ ನಿಯಮ ಬಂತು. ಭಾರತದಿಂದ ನೇರ ಹಡಗೇ ಇರಲಿಲ್ಲ. ನಿಯಮದಲ್ಲಿ ಭಾರತೀಯ ಎಂಬ ಪದವೂ ಬೇಕಾಗಲಿಲ್ಲ. 1914ರಲ್ಲಿ ಭಾರತೀಯರನ್ನು ಹೊತ್ತು ಬಂದ ಕೊಮಗಾಟಾ ಮಾರು ಹಡಗಿನ 376 ಜನ ಎರಡು ತಿಂಗಳು ಈ ಬಂದರಿನಲ್ಲಿ ನಿಂತರು. ಇಳಿಯಲು ಬಿಟ್ಟದ್ದು 24 ಜನರನ್ನು.

ಆದ್ದರಿಂದ ಬಸ್ಸಿನಲ್ಲಿ ಕೂಗಿದವನ ಬಗ್ಗೆ ನನಗೆ ಸಿಟ್ಟಿದೆ, ಆದರೆ ನನ್ನ ಕಣ್ಣು ಇರುವುದು ಕಾಗದದ ಮೇಲೆ. ಯಾವ ನಿಯಮ ಬರುತ್ತಿದೆ, ಯಾರು ಯಾವ ಮಾತಾಡಿ ವೋಟು ಕೇಳುತ್ತಿದ್ದಾರೆ ಎಂದು ಓದುತ್ತೇನೆ. 1907ರಲ್ಲಿ ಈ ಪ್ರಾಂತ್ಯ, ಬ್ರಿಟಿಷ್ ಕೊಲಂಬಿಯಾ, ಭಾರತೀಯರ ಮತದಾನದ ಹಕ್ಕು ಕಿತ್ತುಕೊಂಡಿತ್ತು. ಮರಳಿದ್ದು 1947ರಲ್ಲಿ. ಪೌರತ್ವ ಸಿಕ್ಕಿದ ಮೇಲೂ ಎರಡು ಚುನಾವಣೆಗೆ ನಾನು ಮತಗಟ್ಟೆಗೆ ಹೋಗಿರಲಿಲ್ಲ, ಕೆಲಸದ ನೆಪ. ನಡಿಗೆಯಿಂದ ಬಂದ ಮೇಲೆ ಒಂದನ್ನೂ ತಪ್ಪಿಸಿಲ್ಲ.

ಒಂದು ಮಾತು ನೆನಪಿರಲಿ. ದಾರಿ ಡೌನ್‌ಟೌನ್ ಈಸ್ಟ್‌ಸೈಡ್ ಮೂಲಕ ಸಾಗುತ್ತದೆ. ಮನೆಯಿಲ್ಲದವರು, ಚಟಕ್ಕೆ ಸಿಕ್ಕಿ ನರಳುವವರು ಫುಟ್‌ಪಾತಿನಲ್ಲೇ ಇರುತ್ತಾರೆ. ಹೆದರಬೇಡಿ, ಅವರ ಫೋಟೋ ಮಾತ್ರ ತೆಗೆಯಬೇಡಿ. ಅದು ಅವರ ಮನೆಯಂಗಳ.

ಸಮಯವಿದ್ದರೆ ಈಸ್ಟ್ ಪೆಂಡರ್ ಬೀದಿಯ ವಿಂಗ್ ಸಾಂಗ್ ಕಟ್ಟಡವನ್ನೂ ನೋಡಿ. 1889ರದು, ಗಲಭೆಯ ರಾತ್ರಿಯೂ ಅಲ್ಲೇ ಇತ್ತು. ಈಗ ಅದು ಚೈನೀಸ್ ಕೆನಡಿಯನ್ ಮ್ಯೂಸಿಯಂ. ಬಾಗಿಲು ತೆರೆದದ್ದು 2023ರ ಜುಲೈ 1ರಂದು, ಚೀನೀಯರಿಗೆ ಬಾಗಿಲು ಮುಚ್ಚಿದ ಆ ಕಾಯ್ದೆ ಜಾರಿಯಾಗಿ ಸರಿಯಾಗಿ ನೂರು ವರ್ಷಕ್ಕೆ.

ಒಬ್ಬರೇ ಹೋಗಲು ಮನಸ್ಸಿಲ್ಲದಿದ್ದರೆ ತಿಳಿಸಿ, ನಾನೂ ಬರುತ್ತೇನೆ. ಅಲ್ಲಿಂದ ಕೋಲ್ ಹಾರ್ಬರ್‌ಗೆ ಹೋಗೋಣ. ಕೊಮಗಾಟಾ ಮಾರು ಸ್ಮಾರಕ ನೀರಿನ ಅಂಚಿನಲ್ಲಿದೆ, ಅದರ ಮೇಲೆ ಪ್ರಯಾಣಿಕರ ಹೆಸರುಗಳಿವೆ. ಓದುತ್ತಾ ಸ್ವಲ್ಪ ಹೊತ್ತು ನಿಲ್ಲೋಣ.