ಸೋನಿಕೇಟರ್‌ ಬಳಸಿದರೂ ಲಿಪೋಸೋಮ್‌ಗಳ ಗಾತ್ರ ಏಕೆ ಒಂದೇ ಸಮನಾಗುವುದಿಲ್ಲ?
ಮಂಜುಗಡ್ಡೆಯಲ್ಲಿಟ್ಟು ಪ್ರೋಬ್ ಸೋನಿಕೇಷನ್ (ದ್ರವದಲ್ಲಿ ಅದ್ದಿದ ಲೋಹದ ಕಡ್ಡಿಯಿಂದ ಶ್ರವಣಾತೀತ ಧ್ವನಿ ಹಾಯಿಸುವುದು) ಮಾಡಿದರೂ, ಡಿಪಿಪಿಸಿ ಎಂಬ ಲಿಪಿಡ್‌ನಿಂದ (ಕೊಬ್ಬಿನಂಥ ಅಣುವಿನಿಂದ) ಮಾಡಿದ ಸೂಕ್ಷ್ಮ ಚೀಲಗಳಾದ ಲಿಪೋಸೋಮ್‌ಗಳು ಏಕರೂಪವಾಗುತ್ತಿಲ್ಲ ಎಂದಿದ್ದೀರಿ. ಮಣಿಪಾಲದಲ್ಲಿ ಫಾರ್ಮಸಿ ಓದುವಾಗ ನಾನೂ ಮಂಜುಗಡ್ಡೆಯಲ್ಲಿಡುವ ಇದೇ ತಪ್ಪು ಮಾಡಿದ್ದೆ. ಶ್ರವಣಾತೀತ ಧ್ವನಿಯಿಂದ ನೀರಿನಲ್ಲಿ ಹುಟ್ಟಿ ಕುಸಿಯುವ ಸೂಕ್ಷ್ಮ ಗುಳ್ಳೆಗಳು ಪದರಪದರವಾದ ದೊಡ್ಡ ಲಿಪಿಡ್ ಚೀಲಗಳನ್ನು ಹರಿಯುತ್ತವೆ, ಆ ಚೂರುಗಳು ಮತ್ತೆ ಮುಚ್ಚಿಕೊಂಡು ಕಿರುಚೀಲಗಳಾಗುತ್ತವೆ. ಆದರೆ ಲಿಪಿಡ್ ಪದರ ಗಡುಸುತನ ಬಿಟ್ಟು ಮೆದುವಾಗುವ ಸ್ಥಿತ್ಯಂತರ ತಾಪಮಾನಕ್ಕಿಂತ, ಅಂದರೆ ಡಿಪಿಪಿಸಿಗೆ ಸುಮಾರು 41 ಡಿಗ್ರಿ ಸೆಲ್ಸಿಯಸ್‌ಗಿಂತ, ಕೆಳಗೆ ಪದರ ಗಡುಸಾಗಿರುವುದರಿಂದ ಈ ಮುಚ್ಚಿಕೊಳ್ಳುವಿಕೆ ಸರಿಯಾಗಿ ನಡೆಯದು. ಹಾಗಾಗಿ 50 ಡಿಗ್ರಿಯ ನೀರಿನಲ್ಲಿಟ್ಟು, ನಡುನಡುವೆ ಕೆಲವು ಸೆಕೆಂಡ್ ಬಿಡುವು ಕೊಡುತ್ತಾ ನಡೆಸಿ. ತೆಂಗಿನಹಾಲಿನಂತಿದ್ದ ದ್ರವ ತಿಳಿಯಾಗಿ, ಬೆಳಕಿಗೆ ಹಿಡಿದಾಗ ತೆಳುನೀಲಿ ಛಾಯೆ ಕಂಡರೆ ಗಾತ್ರ ಇಳಿದಿದೆ ಎಂದರ್ಥ. ಪ್ರೋಬ್‌ನಿಂದ ಉದುರುವ ಟೈಟೇನಿಯಂ ಕಣಗಳು ಅಳತೆಯನ್ನು ಕೆಡಿಸುವುದರಿಂದ ಅವನ್ನು ಸೆಂಟ್ರಿಫ್ಯೂಜ್ ಮಾಡಿ ತೆಗೆಯಿರಿ. ಪಾಲಿಡಿಸ್ಪರ್ಸಿಟಿ ಸೂಚ್ಯಂಕ (ಗಾತ್ರಗಳಲ್ಲಿ ಎಷ್ಟು ವ್ಯತ್ಯಾಸವಿದೆ ಎಂಬುದರ ಅಳತೆ; ಕಡಿಮೆಯಿದ್ದಷ್ಟೂ ಏಕರೂಪ) ಆಗಲೂ 0.2ಕ್ಕಿಂತ ಇಳಿಯದಿದ್ದರೆ, ಸೋನಿಕೇಷನ್ ಅವಧಿ ಹೆಚ್ಚಿಸುವುದಕ್ಕಿಂತ 100 ನ್ಯಾನೋಮೀಟರ್ ರಂಧ್ರಗಳ ಪೊರೆಯ ಮೂಲಕ ಬಿಸಿಯಿದ್ದಾಗಲೇ ಹಲವು ಬಾರಿ ಹಾಯಿಸುವುದು ಮೇಲು.